ಸಾಖರಪುಡಾ ಮುಗಿದ ಮೇಲೆ

ಸ್ನೇಹಲ ತಮಾಷೆಯ ಹುಡುಗಿ ಎಂದು ನಂಬಿಯೇ ಸಂಭಾಜಿ ಅವಳ ಮೇಲೆ ಮನಸ್ಸು ಮಾಡಿದ್ದು.

ಇಚಲಕರಂಜಿಗೆ ಅಂಟಿಕೊಂಡ ಕಬನೂರಿನಲ್ಲಿ, ಮಗ್ಗದಿಂದ ಇಳಿದ ಬಟ್ಟೆಯನ್ನು ತಪಾಸಣೆ ಮಾಡಿ ಮಡಿಚುವ ಒಂದು ಕಾರಖಾನೆಯಲ್ಲಿ ಅವಳು ಕೆಲಸಕ್ಕಿದ್ದಳು. ಅವನು ಗಡಹಿಂಗ್ಲಜದವನು, ಗ್ರಿಲ್ಲು, ಗೇಟು, ತಗಡಿನ ಶೆಡ್ಡು ಮಾಡುವ ಸಣ್ಣ ವರ್ಕ್‌ಶಾಪು ಇಟ್ಟುಕೊಂಡಿದ್ದ. ಬಟ್ಟೆಯ ತಾನುಗಳನ್ನು ಇಡಲು ಕಬ್ಬಿಣದ ರ‍್ಯಾಕು ಕೂಡಿಸಲು ಬಂದವನು, ವೆಲ್ಡಿಂಗಿನ ಬೆಳಕನ್ನೇ ನೋಡುತ್ತ ನಿಂತ ಹುಡುಗಿಯನ್ನು ಕಂಡು, ಮುಖದ ಮುಂದಿನ ಕಪ್ಪು ಗಾಜು ಎತ್ತಿ ಕೂಗಿದ.

“ಏ ಬಾಯಿ, ಹಂಗ ನೋಡಬ್ಯಾಡ! ಕಣ್ಣ ಹೋಗ್ತಾವ!”

“ಎಲ್ಲಿಗೆ?” ಎಂದಳು ಸ್ನೇಹಲ.

ಸಂಭಾಜಿ ನಕ್ಕೂ ನಕ್ಕೂ ಕೈಯೊಳಗಿನ ಹೋಲ್ಡರನ್ನು ಕೆಳಗಿಟ್ಟ. ಅವಳು ನಗಲಿಲ್ಲ. ಅದು ಅವನಿಗೆ ಇನ್ನೂ ಹಿಡಿಸಿತು. ತಾನು ನಗದೆ ಎದುರಿನವರನ್ನು ನಗಿಸುವ ಹುಡುಗಿಯನ್ನು ಅವನು ಅಲ್ಲಿವರೆಗೆ ನೋಡಿರಲಿಲ್ಲ. ರ‍್ಯಾಕಿನ ಕೆಲಸ ಮುಗಿದರೂ ಏನಾದರೊಂದು ನೆಪ ಮಾಡಿಕೊಂಡು ಗುರುವಾರಕ್ಕೊಮ್ಮೆ ಬರುತ್ತಿದ್ದ. ಗುರುವಾರ ಬರುತ್ತೇನೆ ಎಂದರೆ ಗುರುವಾರವೇ ಬರುತ್ತಿದ್ದ. ಸ್ನೇಹಲಳಿಗೆ ಅವನಲ್ಲಿ ಮೊದಲು ಹಿಡಿಸಿದ್ದು ಅದು. ಜನ ಹೇಳುವುದೊಂದು, ಮಾಡುವುದೊಂದು. ಅವರ ಮುಖ ಹೇಳುವುದು ಮತ್ತೊಂದು. ಈ ಮೂರನ್ನೂ ಜೋಡಿಸಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಅವಳಿಗೆ ತಲೆನೋವು ಬರುತ್ತಿತ್ತು. ಇವನ ಜೊತೆ ಕೂತಾಗ ಆ ದಣಿವು ಇರಲಿಲ್ಲ. ಅವನು ಮಾತಾಡುತ್ತಿದ್ದ, ಇವಳು ಅವನ ಬೆರಳುಗಳ ಮೇಲಿನ ಸುಟ್ಟ ಕಲೆಗಳನ್ನು ನೋಡುತ್ತಿದ್ದಳು. “ಯಾಕ ನನ್ನ ಮಾರಿ ನೋಡೂದಿಲ್ಲ?” ಎಂದು ಅವನು ಒಮ್ಮೆಯೂ ಕೇಳಲಿಲ್ಲ. ನಾಚಿಕೆ ಎಂದುಕೊಂಡಿದ್ದ.

ಮದುವೆಯ ಮಾತು ತೆಗೆದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ.

“ನಿಮ್ಮ ಮನ್ಯಾಗ ಬಾಗಲಾ ಹಾಕ್ಕೊಳ್ಳೂವಂಥಾ ಖೋಲಿ ಐತೇನ್ರಿ?”

ಸಂಭಾಜಿಯ ಕಿವಿ ಕೆಂಪಾಯಿತು. ವರ್ಕ್‌ಶಾಪಿನ ಗೆಳೆಯರಿಗೆ ಹೇಳಿಕೊಂಡು ಎರಡು ದಿನ ನಕ್ಕ. ಗದ್ದಲ ಮೈಮೇಲೆ ಬಂದಾಗ ಒಬ್ಬಳೇ ಕೂತುಕೊಳ್ಳಲು ಒಂದು ಜಾಗ ಬೇಕು ಎಂದಷ್ಟೇ ಅವಳು ಕೇಳಿದ್ದು ಎಂಬುದು ಅವನಿಗೆ ಹೇಗೆ ತಿಳಿಯಬೇಕು? ಅವಳ ತಾಯಿ ಯಮುನವ್ವನಿಗೆ ತಿಳಿದಿತ್ತು. ತಿಳಿದೂ ಆಕೆ ಬಾಯಿ ಬಿಡಲಿಲ್ಲ. ಮಗಳು ಸ್ವಲ್ಪ ಹಟದವಳು, ಮಾತು ಕಡಿಮೆ, ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡು ಅರಿಶಿನ ಹಚ್ಚಿ ಕಳಿಸಿದಳು. ಎರಡು ವರ್ಷಕ್ಕೆ ಆಕೆ ತೀರಿಕೊಂಡಳು.

ಗಡಹಿಂಗ್ಲಜದ ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವ ಖೋಲಿ ಇತ್ತು. ಹಾಕಿಕೊಳ್ಳುವ ಅವಕಾಶ ಇರಲಿಲ್ಲ. ಅತ್ತೆ ಅಕ್ಕಾತಾಯಿ ಮುಚ್ಚಿದ ಬಾಗಿಲನ್ನು ತನಗಾದ ಅವಮಾನ ಎಂದು ತಿಳಿಯುವ ಹೆಂಗಸು. ಹೊರಗಿನವರ ಮುಂದೆ ಬಾಯಿ ತುಂಬ ಮಾತು, ಒಳಗೆ ಬಂದ ಕೂಡಲೇ ಪ್ರತಿಯೊಂದು ಮಾತಿಗೂ ಲೆಕ್ಕ. ಒಂದು ಮಧ್ಯಾಹ್ನ ಪಕ್ಕದ ಓಣಿಯ ಇಬ್ಬರು ಹೆಂಗಸರು ಬಂದು ಕೂತಿದ್ದರು. ಏಳುವಾಗ ಅಕ್ಕಾತಾಯಿ, “ಇಷ್ಟ ಹೊತ್ತನ್ಯಾಗ ಹೆಂಗ ಹೋಗ್ತೀರಿ, ಊಟಾ ಮಾಡ್ಕೊಂಡ ಹೋಗ್ರಿ” ಎಂದಳು.

“ಅನ್ನ ನಮಗ ಅಷ್ಟ ಐತ್ರಿ ಅತ್ತಿ, ಇವರಿಗೆ ಆಗೂದಿಲ್ಲ” ಎಂದು ಸ್ನೇಹಲ ಒಳಗಿನಿಂದ ಹೇಳಿದಳು. ಅನ್ನ ನಿಜಕ್ಕೂ ಅಷ್ಟೇ ಇತ್ತು. ಆ ದಿನ ಆ ಅನ್ನ ಯಾರೂ ಉಣ್ಣಲಿಲ್ಲ. ಅಕ್ಕಾತಾಯಿ ಪಾತ್ರೆ ಸಮೇತ ಒಯ್ದು ಹಿತ್ತಲಿನ ಎಮ್ಮೆಯ ಮುಂದೆ ಸುರಿದಳು.

ಮನೆಯಲ್ಲಿ ಅವಳ ಕಡೆಗಿದ್ದವಳು ನಾದಿನಿ ಹರ್ಷದಾ ಒಬ್ಬಳೇ. ಆಗ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ, ತಾನು ವೈನಿ ಎಂದು ಕರೆಯುವ ಈ ಅತ್ತಿಗೆಯನ್ನು ಹೇಗೋ ಓದಿಕೊಂಡಿದ್ದಳು. ಮಂದಿಯ ನಡುವೆ ಕೂತಾಗ ಪಕ್ಕದಲ್ಲೇ ಕೂತು, ಸುಮ್ಮನಿರಬೇಕಾದಲ್ಲಿ ಮೊಣಕೈಗೆ ಒಂದು ಸಲ, ನಗಬೇಕಾದಲ್ಲಿ ಎರಡು ಸಲ ಮೆಲ್ಲಗೆ ತಟ್ಟುತ್ತಿದ್ದಳು. ಹರ್ಷದಾ ಪಕ್ಕದಲ್ಲಿದ್ದ ದಿನ ಸ್ನೇಹಲ ಎಲ್ಲರ ಹಾಗೆಯೇ ಕಾಣುತ್ತಿದ್ದಳು.

ಮಾವ ತೀರಿಕೊಂಡ ದಿನ ಹರ್ಷದಾ ತನ್ನ ಅಳುವಿನಲ್ಲೇ ಇದ್ದಳು; ತಟ್ಟುವವರು ಇರಲಿಲ್ಲ. ಹೆಂಗಸರು ಎದೆ ಬಡಿದುಕೊಂಡು ಅಳುವ ಸದ್ದಿಗೆ ಸ್ನೇಹಲಳ ತಲೆಯೊಳಗೆ ತಗಡು ಕೊಯ್ದಂತಾಯಿತು. ಹಿತ್ತಲ ಕೋಣೆಗೆ ಹೋಗಿ ಕಿವಿಯ ಮೇಲೆ ಚಾದರ ಒತ್ತಿಕೊಂಡು ಮಲಗಿದಳು. ಹುಡುಕಿಕೊಂಡು ಬಂದವರು ಬಾಗಿಲಲ್ಲೇ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಹೆಣ ಎತ್ತುವ ಮುಂಚೆ ಸೊಸೆ ನಿದ್ದೆ ಹೊಡೆದಳು ಎಂಬ ಮಾತು ಸ್ಮಶಾನಕ್ಕೆ ಹೋದವರು ಮರಳುವಷ್ಟರಲ್ಲಿ ಓಣಿಯೆಲ್ಲ ತಿರುಗಿತ್ತು. ಮಾವನೆಂದರೆ ಅವಳಿಗೆ ಜೀವ. ಆ ಮುದುಕ ಮಾತಿಲ್ಲದೆ ಅವಳ ಎದುರು ಕೂತು ಅವರೆಕಾಯಿ ಸುಲಿಯುತ್ತಿದ್ದ. ಅಳು ಬಂದದ್ದು ಬಹಳ ದಿನಗಳ ನಂತರ, ಭಕ್ಕರಿ ಹಿಟ್ಟು ನಾದುವಾಗ. ಬಂದದ್ದು ನಿಲ್ಲಲೇ ಇಲ್ಲ.

“ಈಗ ನಾಟಕಾ ಮಾಡಾಕತ್ತಾಳ” ಎಂದಳು ಅಕ್ಕಾತಾಯಿ.

ಸಂಭಾಜಿ ಈ ಎಲ್ಲದರ ನಡುವೆಯೂ ಹೆಂಡತಿಯ ಪಕ್ಷವೇ. “ಆಕೀದು ಹಂಗ ಆಯಿ, ಮನಸಿನ್ಯಾಗ ಏನೂ ಇಲ್ಲ ಆಕೀಗಿ” ಎಂದು ತಾಯಿಗೆ ಹೇಳುತ್ತಿದ್ದ. ರಾತ್ರಿ ಅವಳ ಪಕ್ಕ ಮಲಗಿ ಅಂದಿನ ಅವಳ ಮಾತುಗಳನ್ನು ಮತ್ತೆ ಹೇಳಿಸಿಕೊಂಡು ನಗುತ್ತಿದ್ದ. ಅವನು ನಕ್ಕಾಗ ಅವಳಿಗೆ ಸುಖವಾಗುತ್ತಿತ್ತು. ಯಾಕೆ ನಗುತ್ತಾನೆ ಎಂದು ಅವಳು ಕೇಳುತ್ತಿರಲಿಲ್ಲ.

ಮಗಳು ಹುಟ್ಟಿದಳು. ಸಾಯಲಿ ಎಂದು ಹೆಸರಿಟ್ಟರು. ಮಗು ತುದಿಗಾಲಲ್ಲಿ ನಡೆಯುತ್ತಿತ್ತು. ನಳದಿಂದ ಬೀಳುವ ನೀರಿನ ಮುಂದೆ ಗಂಟೆಗಟ್ಟಲೆ ಕೂರುತ್ತಿತ್ತು. ಕುಕ್ಕರ್ ಸೀಟಿ ಹೊಡೆದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿತ್ತು. ಮಾತು ಬರಲಿಲ್ಲ; ಬಂದರೂ ಎದುರಿನವರ ಮಾತಿನ ಬಾಲವನ್ನಷ್ಟೇ ಹಿಡಿದು ಹೇಳುತ್ತಿತ್ತು. “ಹಾಲ ಬೇಕೇನು?” ಎಂದರೆ “ಏನು, ಏನು” ಎನ್ನುತ್ತಿತ್ತು. ಅಂಗಾರ ಹಚ್ಚಿಸಿದರು, ತಾಯತ ಕಟ್ಟಿಸಿದರು. ಕೊನೆಗೆ ಅಂಗನವಾಡಿಯ ಟೀಚರು ಹೇಳಿದ ಮೇಲೆ ಸ್ನೇಹಲ ಮಗುವನ್ನು ಎತ್ತಿಕೊಂಡು ಕೊಲ್ಹಾಪುರಕ್ಕೆ ಹೋದಳು. ವರ್ಕ್‌ಶಾಪು ಬಿಟ್ಟು ಬರುವುದು ಸಂಭಾಜಿಗೆ ಆಗಲಿಲ್ಲ.

ಅಲ್ಲಿಯ ಡಾಕ್ಟರ್ ನಡುವಯಸ್ಸಿನ ಹೆಂಗಸು. ಮಗುವನ್ನು ಬಹಳ ಹೊತ್ತು ಆಡಿಸಿ, ನೋಡಿ, ಇಂಗ್ಲಿಷಿನಲ್ಲಿ ಆಟಿಸಂ ಎನ್ನುವುದಕ್ಕೆ ಮರಾಠಿಯಲ್ಲಿ ‘ಸ್ವಮಗ್ನತಾ’ ಎಂಬ ಮಾತು ಹೇಳಿದರು. ಅದು ರೋಗವಲ್ಲ, ಮಿದುಳು ಕಟ್ಟಿಕೊಂಡಿರುವ ರೀತಿಯೇ ಬೇರೆ, ಕಲಿಸಿದರೆ ಕಲಿಯುತ್ತಾಳೆ ಎಂದರು. ಮಗುವಿನ ಒಂದೊಂದೇ ಲಕ್ಷಣ ಬಿಡಿಸಿ ಹೇಳುತ್ತಿದ್ದಾಗ ಸ್ನೇಹಲ ನಡುವೆಯೇ ಬಾಯಿ ಹಾಕಿದಳು.

“ಇದು ನನಗೂ ಆಗುತ್ತದೆ. ಎಲ್ಲರಿಗೂ ಆಗುತ್ತದಲ್ಲವೇ?”

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿದರು. “ಇಲ್ಲ, ಎಲ್ಲರಿಗೂ ಆಗುವುದಿಲ್ಲ” ಎಂದರು.

ಮತ್ತೆ ಎರಡು ಸಲ ಕರೆಸಿ ಅವಳನ್ನೂ ಕೂರಿಸಿ ಕೇಳಿದರು. ಮೂವತ್ತು ದಾಟಿದ ಮೇಲೆ ಸ್ನೇಹಲಳಿಗೆ ತಾನು ಯಾರು ಎಂಬುದು ತಿಳಿಯಿತು. ಸೊಕ್ಕಿನವಳಲ್ಲ, ಕಲ್ಲುಮನಸ್ಸಿನವಳಲ್ಲ, ಅರೆಹುಚ್ಚಿಯಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಮಗಳ ತಲೆಯ ಮೇಲೆ ಮುಖವಿಟ್ಟಳು. ಆ ಹೆಸರು ಮಾತ್ರ ಪೂರ್ತಿ ಸರಿ ಎನಿಸಲಿಲ್ಲ. ತನ್ನೊಳಗೆ ತಾನೇ ಮುಳುಗಿದವಳು ಎಂದು ಅದರ ಅರ್ಥ. ತನ್ನೊಳಗೆ ಮುಳುಗಲು ಜಾಗವೆಲ್ಲಿದೆ, ಊರಿನವರ ಸದ್ದೆಲ್ಲ ಬಂದು ತನ್ನೊಳಗೆ ತುಂಬಿಕೊಂಡಿರುವಾಗ? ಆದರೂ ಅದು ಹೆಸರು. ಬಸ್ಸಿನಲ್ಲಿ ಗಡಹಿಂಗ್ಲಜ ಮುಟ್ಟುವವರೆಗೆ ಅದನ್ನು ಬಾಯೊಳಗೆ ಪೆಪ್ಪರಮಿಂಟಿನಂತೆ ಇಟ್ಟುಕೊಂಡು ಬಂದಳು. ಮನೆಯವರಿಗೂ ಖುಷಿಯಾಗುತ್ತದೆ ಎಂದೇ ಅವಳು ತಿಳಿದಿದ್ದಳು. ಇಷ್ಟು ವರ್ಷ ಬೈದದ್ದು ತಪ್ಪಾಯಿತು ಎಂದು ಅವರಿಗೆ ಗೊತ್ತಾಗುತ್ತದಲ್ಲ.

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಹೇಳಿದಳು. ಮಗಳದೂ ಹೇಳಿದಳು, ತನ್ನದೂ ಹೇಳಿದಳು.

ಅಕ್ಕಾತಾಯಿ ತಟ್ಟೆ ಸರಿಸಿದಳು. “ಅಂದ್ರ ನಿನ್ನ ಹೊಟ್ಟೀಲೆ ಬಂದೈತಿ ಅನ್ನು. ನಮ್ಮ ಕುಲದಾಗ ಇಂಥಾದ್ದು ಇರಲಿಲ್ಲ.”

ಸ್ನೇಹಲ ಗಂಡನ ಕಡೆ ತಿರುಗಿದಳು. ಅವನು ಬೇರೆಯೇ ಏನನ್ನೋ ಯೋಚಿಸುತ್ತಿದ್ದ. ಕೈಯಲ್ಲಿ ಹಿಡಿದ ತುತ್ತು ಅಲ್ಲೇ ಇತ್ತು.

“ಅವತ್ತ ಕಣ್ಣ ಹೋಗ್ತಾವ ಅಂದಾಗ ಎಲ್ಲಿಗೆ ಅಂದೆಲ್ಲ... ಅದು ನಗಸಾಕ ಅಂದ ಚಾಷ್ಟಿ ಅಲ್ಲಾ?”

“ಅಲ್ರಿ. ನಂಗ ತಿಳೀಲಿಲ್ಲ, ಅದಕ್ಕ ಕೇಳೀನಿ.”

“ಮತ್ತ ಆ ಖೋಲಿದು?”

“ಗದ್ಲ ತಡಿಯೂದಿಲ್ಲ ನನಗ. ಅದಕ್ಕ.”

“ಇಷ್ಟ ವರ್ಷ ನೀ ಆಡಿದ್ದು ಒಂದೂ ಚಾಷ್ಟಿ ಅಲ್ಲಾ?”

ಸ್ನೇಹಲ ಪ್ರಾಮಾಣಿಕವಾಗಿ ಯೋಚಿಸಿದಳು. “ಇಲ್ಲ” ಎಂದಳು.

ಅವನು ಎದ್ದು ಕೈ ತೊಳೆದ. ಅಂದಿನಿಂದ ಅವನು ಅವಳ ಮಾತಿಗೆ ನಗುವುದನ್ನು ಬಿಟ್ಟ. ತನಗೆ ಇಷ್ಟು ದಿನ ಯಾರೋ ಮೋಸ ಮಾಡಿದರು ಎಂಬಂತೆ ಅವಳನ್ನು ನೋಡುತ್ತಿದ್ದ. ಮೊದಲು ಚೆಂದ ಎನಿಸಿದ್ದೆಲ್ಲ ಈಗ ಕಾಯಿಲೆ ಎನಿಸತೊಡಗಿತು. ಅವಳು ಒಂದೇ ಬಣ್ಣದ ಸೀರೆಗಳನ್ನು ಉಡುವುದು ಕಾಯಿಲೆ, ಹೇಳಿದ ಹೊತ್ತಿಗೆ ಅವನು ಬರದಿದ್ದರೆ ಬಾಗಿಲಲ್ಲಿ ನಿಲ್ಲುವುದು ಕಾಯಿಲೆ. ಮಗಳು ಬಂದು ಅವನ ತೊಡೆಗೆ ಹಣೆ ಒತ್ತಿದರೆ ಅವನು ಮೆಲ್ಲಗೆ ಸರಿಯುತ್ತಿದ್ದ. ಬೇರೆ ಖೋಲಿಯಲ್ಲಿ ಮಲಗತೊಡಗಿದ. ಬಾಗಿಲು ಹಾಕಿಕೊಳ್ಳಲು ಈಗ ಅವಳನ್ನು ಯಾರೂ ತಡೆಯುತ್ತಿರಲಿಲ್ಲ.

ಅದೇ ವರ್ಷ ಹರ್ಷದಾಳಿಗೆ ಕಾಗಲದ ಸಂಬಂಧ ಬಂತು. ಹುಡುಗ ಅಲ್ಲಿಯ ಒಂದು ಕಾರಖಾನೆಯಲ್ಲಿ ಸುಪರವೈಜರ್, ಮನೆಯವರೆಲ್ಲ ಮರಾಠಿ ಮಾತಾಡುವ ಜನ. ಹುಡುಗಿ ನೋಡಲು ಬಂದ ದಿನ ಸ್ನೇಹಲಳನ್ನೂ ಸಾಯಲಿಯನ್ನೂ ಜಾತ್ರೆಯ ನೆಪ ಹೇಳಿ ಬಿದ್ರಿಯ ನೆಂಟರ ಮನೆಗೆ ಕಳಿಸಿದ್ದರು. ಎರಡೂ ಮನೆಯವರಿಗೆ ಒಪ್ಪಿಗೆಯಾಗಿ ಸಾಖರಪುಡಾ ನಿಶ್ಚಯವಾಯಿತು. ಸಕ್ಕರೆಯ ಪೊಟ್ಟಣ ಕೊಟ್ಟು ಮಾತು ಗಟ್ಟಿ ಮಾಡಿಕೊಳ್ಳುವ ಆ ಶಾಸ್ತ್ರ ಮನೆಯ ಮುಂದೆಯೇ ಮಂಟಪ ಹಾಕಿ ಮಾಡುವುದು ಎಂದಾಯಿತು.

ವಾರ ಮೊದಲೇ ಸಂಭಾಜಿ ತಾಯಿ-ಮಗಳನ್ನು ಕಬನೂರಿಗೆ ಬಿಟ್ಟುಬಂದ. ಬಿಡುವಾಗ ಅವಳ ಅಣ್ಣ ಗಣಪತನ ಮನೆಯ ಹೊಸ್ತಿಲಲ್ಲಿ ನಿಂತು ಹೇಳಿದ.

“ಸಾಖರಪುಡಾ ಮುಗದ ಮ್ಯಾಲ ಬಾ.”

“ಆಗ್ಲಿರಿ” ಎಂದಳು ಸ್ನೇಹಲ.

ಗಣಪತ ಪವರ್‌ಲೂಮಿನಲ್ಲಿ ಎರಡು ಪಾಳಿ ದುಡಿಯುವವನು. ಮನೆ ಇಕ್ಕಟ್ಟು. ಅವನ ಹೆಂಡತಿ ಸುವರ್ಣಾ ಮಗುವಿನ ಕಿರುಚಾಟಕ್ಕೆ ಎರಡೇ ದಿನಕ್ಕೆ ಬೇಸತ್ತು, “ನಿಮ್ಮ ಮನ್ಯಾವ್ರು ಯಾವಾಗ ಕರಿಯಾಕ ಬರ್ತಾರ?” ಎಂದು ದಿನಾ ಕೇಳುತ್ತಿದ್ದಳು. ಕರೆಯಲು ಬರುತ್ತೇನೆ ಎಂದು ಸಂಭಾಜಿ ಹೇಳಿರಲಿಲ್ಲ. ಮುಗಿದ ಮೇಲೆ ಬಾ ಎಂದಿದ್ದ. ಸ್ನೇಹಲ ಮುಹೂರ್ತ ಕೇಳಿ ತಿಳಿದುಕೊಂಡಿದ್ದಳು; ಶಾಸ್ತ್ರ ಎಷ್ಟು ಹೊತ್ತು ನಡೆಯುತ್ತದೆ ಎಂದು ಸುವರ್ಣಾಳನ್ನು ವಿಚಾರಿಸಿದ್ದಳು. ಆ ದಿನ ಮಗಳ ಕೂದಲು ಬಾಚಿ, ಹರ್ಷದಾಳಿಗೆಂದು ತಾನೇ ಆರಿಸಿದ ತಿಳಿಹಸಿರು ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಶಾಸ್ತ್ರ ಮುಗಿದ ಮೇಲೆಯೇ ಮನೆ ಮುಟ್ಟಿದಳು. ಹೇಳಿದ ಮಾತಿಗೆ ಒಂದಿಷ್ಟೂ ತಪ್ಪಲಿಲ್ಲ.

ಮಂಟಪದಲ್ಲಿ ಗಂಡಿನವರ ಪಂಕ್ತಿ ಉಣ್ಣುತ್ತಿತ್ತು. ಸಂಭಾಜಿ ಜಿಲೇಬಿಯ ಬಕೆಟ್ಟು ಹಿಡಿದು ಬಡಿಸುತ್ತಿದ್ದ. ಮೂಲೆಯಲ್ಲಿ ಎರಡು ದೊಡ್ಡ ಸೌಂಡ್ ಬಾಕ್ಸುಗಳು. ಹೆಂಡತಿಯನ್ನು ಕಂಡು ಅವನ ಕೈ ನಿಂತಿತು. ಅಷ್ಟರಲ್ಲಿ ಹಾಡು ಬದಲಾಗಿ ಡೋಲಿನ ಸದ್ದು ಒಮ್ಮೆಲೇ ಬಡಿಯಿತು. ಸಾಯಲಿ ಕಿವಿ ಮುಚ್ಚಿಕೊಂಡು ಚೀರಿ, ಪಂಕ್ತಿಯ ನಡುವೆಯೇ ನೆಲಕ್ಕೆ ಬಿದ್ದು ಹೊರಳಾಡಿದಳು. ಯಾರದೋ ಎಲೆ ಮಗುಚಿತು. ಸಾರು ಚೆಲ್ಲಿತು. ಸ್ನೇಹಲ ಮಗಳ ಮೇಲೆ ಬಗ್ಗಿ ತನ್ನ ಮೈಭಾರವನ್ನೆಲ್ಲ ಹಾಕಿ ಅಪ್ಪಿ ಹಿಡಿದಳು. ಹಾಗೆ ಹಿಡಿದರೆ ಮಗು ಶಾಂತವಾಗುತ್ತದೆ ಎಂದು ಡಾಕ್ಟರ್ ಹೇಳಿದ್ದರು. ನೋಡುವವರಿಗೆ ತಾಯಿ ಮಗುವನ್ನು ಅದುಮುತ್ತಿರುವಂತೆ ಕಂಡಿತು.

ಗಂಡಿನ ತಾಯಿ ಎದ್ದು ನಿಂತಳು. “ಹೀ ಕೋಣ?” ಎಂದು ಕೇಳಿದಳು. ಯಾರಿವಳು?

ಅಕ್ಕಾತಾಯಿ ಓಡಿಬಂದಳು. ಮುಖದ ಮೇಲೆ ನಗು ಹಾಗೆಯೇ ಇತ್ತು. “ಕಾಮಾಲಾ ಯೇತೆ” ಎಂದಳು. ಕೆಲಸಕ್ಕೆ ಬರುವವಳು. “ತಿಚೀ ಪೋರಗೀ.” ಅದು ಅವಳ ಮಗಳು.

ಗಂಡಿನ ತಾಯಿಗೆ ಪೂರ್ತಿ ನಂಬಿಕೆ ಬರಲಿಲ್ಲವೋ ಏನೋ, ಸಂಭಾಜಿಯ ಕಡೆ ನೋಡಿದಳು. ಸ್ನೇಹಲಳೂ ನೋಡಿದಳು. ಅವನು ಜಿಲೇಬಿಯ ಬಕೆಟ್ಟಿನೊಳಗೆ ಕಣ್ಣಿಟ್ಟುಕೊಂಡು, “ಹೋ” ಎಂದ. ಹೌದು ಎಂದ.

ಆ ಹೊತ್ತಿಗೆ ಹರ್ಷದಾ ಹೊಸ ಸೀರೆಯ ಸೆರಗು ಹಿಡಿದುಕೊಂಡು ಹತ್ತಿರ ಬಂದಿದ್ದಳು. ಬಗ್ಗಿ ವೈನಿಯ ಮೊಣಕೈಗೆ ಒಂದು ಸಲ ತಟ್ಟಿದಳು. ಸುಮ್ಮನಿರು. ಸ್ನೇಹಲಳಿಗೆ ಅದು ತಿಳಿಯಿತು. ಸುಮ್ಮನಿರಬಹುದಿತ್ತು. ಆದರೆ ಅವಳ ತೋಳಿನೊಳಗೆ ಮಗು ಚೀರುವುದನ್ನು ನಿಲ್ಲಿಸಿ, ಕಣ್ಣು ಅರಳಿಸಿ, ಮೇಲೆ ನಿಂತವರ ತುಟಿಗಳನ್ನೇ ನೋಡುತ್ತಿತ್ತು.

“ನಾಹೀ” ಎಂದಳು ಸ್ನೇಹಲ ಮರಾಠಿಯಲ್ಲೇ. ತಾನು ಇವರ ಹೆಂಡತಿ, ಇವಳು ಇವರ ಮಗಳು.

ಮಗುವಿಗೆ ಏನಾಗಿದೆ ಎಂದು ಗಂಡಿನ ತಾಯಿ ಕೇಳಿದಳು. ಕೇಳಿದ್ದಕ್ಕೆ ಸ್ನೇಹಲ ಹೇಳಿದಳು. ತನಗೂ ಅದೇ ಇದೆ ಎಂದಳು. ಮನೆತನದಲ್ಲಿ ಬರುವಂಥದ್ದೇ ಎಂದು ಹಿರಿಯರೊಬ್ಬರು ಕೇಳಿದರು. ಕೆಲವು ಮನೆತನಗಳಲ್ಲಿ ಬರುತ್ತದೆ ಎಂದು ಡಾಕ್ಟರ್ ಹೇಳಿದ್ದರು, ಅದನ್ನೂ ಹೇಳಿದಳು. ತಾನು ಬೇರೆ ಮನೆತನದವಳು, ಹರ್ಷದಾಳಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳುವಷ್ಟರಲ್ಲಿ ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಹೆಂಡತಿಯನ್ನೇ ಕೆಲಸದಾಕೆ ಎಂದವರು ಇನ್ನೇನೇನು ಮುಚ್ಚಿಟ್ಟಿದ್ದಾರೋ ಎಂಬ ಮಾತು ಎಲೆಯಿಂದ ಎಲೆಗೆ ಹೋಯಿತು. ಅರ್ಧ ಉಂಡ ಎಲೆಗಳನ್ನು ಬಿಟ್ಟು ಗಂಡಿನವರು ಎದ್ದರು. ಸಂಜೆಯೊಳಗೆ ತಟ್ಟೆ, ತೆಂಗಿನಕಾಯಿ, ಸಕ್ಕರೆ ಎಲ್ಲ ಮರಳಿ ಬಂದವು.

ಹಿತ್ತಲಲ್ಲಿ ಅಕ್ಕಾತಾಯಿ ಸೊಸೆಯ ಜಡೆ ಹಿಡಿದು ಹೊಡೆದಳು. ಗುದ್ದಿದಳು, ಚಪ್ಪಲಿಯಲ್ಲಿ ಹೊಡೆದಳು. ಸದ್ದು ಓಣಿಗೆ ಕೇಳಬಾರದೆಂದು ಸಂಭಾಜಿ ಮಂಟಪಕ್ಕೆ ಹೋಗಿ ಸೌಂಡ್ ಬಾಕ್ಸಿನ ಆವಾಜು ಏರಿಸಿದ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಸಾಯಲಿ ಎಮ್ಮೆಯ ಗೋದಲಿಯೊಳಗೆ ಮುದುಡಿ ಕೂತು ತನ್ನ ಮಣಿಕಟ್ಟನ್ನು ತಾನೇ ರಕ್ತ ಬರುವಂತೆ ಕಚ್ಚಿಕೊಂಡಳು. ಸ್ನೇಹಲಳಿಗೆ ಹೊಡೆತಗಳು ಅಷ್ಟಾಗಿ ತಿಳಿಯಲಿಲ್ಲ. ಈ ಮನುಷ್ಯ, ಸದ್ದು ಮಗಳಿಗೆ ಏನು ಮಾಡುತ್ತದೆ, ಹೆಂಡತಿಗೆ ಏನು ಮಾಡುತ್ತದೆ, ಗುಂಡಿ ಯಾವ ಕಡೆ ತಿರುಗಿದರೆ ಏನಾಗುತ್ತದೆ ಎಂಬುದೆಲ್ಲ ಗೊತ್ತಿದ್ದವನು ಹಾಗೆ ಮಾಡಿದ್ದು ತಿಳಿಯಿತು.

ಕತ್ತಲಾಗುವ ಮುಂಚೆ ಅವರನ್ನು ಕಬನೂರಿನ ಕಡೆ ಹೋಗುವ ಒಂದು ಟೆಂಪೋದಲ್ಲಿ ಕೂರಿಸಿದರು. ದಾರಿಯಲ್ಲಿ ಸಾಯಲಿ ಮಾತಾಡಿದಳು. ಅಲ್ಲಿವರೆಗೆ ಮಾತಿನ ಬಾಲವನ್ನಷ್ಟೇ ಹೇಳುತ್ತಿದ್ದ ಮಗು ಮೊದಲ ಸಲ ಒಂದು ಪೂರ್ತಿ ವಾಕ್ಯ, ಅಕ್ಷರ ತಪ್ಪದೆ, ಅಜ್ಜಿಯ ರಾಗದಲ್ಲೇ ಹೇಳಿತು.

“ಕಾಮಾಲಾ ಯೇತೆ. ಕಾಮಾಲಾ ಯೇತೆ.”

ಟೆಂಪೋದವನು ನಕ್ಕ. “ಪೋರೀ ಭಾಳ ಶ್ಯಾಣೇ ಐತಿ” ಎಂದ. ಕಬನೂರು ಬರುವವರೆಗೆ ಅವಳು ಅದನ್ನೇ ಹೇಳಿದಳು.

ತಿಂಗಳು ಕಳೆದ ಮೇಲೆ ಹಿರಿಯರನ್ನು ಕೂಡಿಸಿದರು. ಗಡಹಿಂಗ್ಲಜದ ಅದೇ ಮನೆಯ ಪಡಸಾಲೆ. ಸಂಭಾಜಿಯ ಸೋದರಮಾವ ಎಂಬ ದಪ್ಪ ಮೀಸೆಯವನು ನಡುವೆ ಕೂತಿದ್ದ. ಗಣಪತ ತಂಗಿಯ ಜೊತೆ ಹೋಗಿ ಬಾಗಿಲ ಬಳಿ ಕೈ ಕಟ್ಟಿಕೊಂಡು ನಿಂತ.

“ಲಗ್ನಕ್ಕಿಂತ ಮೊದಲ ನಿನಗ ಇದು ಗೊತ್ತಿತ್ತೋ ಇಲ್ಲೋ? ಖರೇ ಹೇಳಬೇಕ” ಎಂದ ಸೋದರಮಾವ.

“ಹೆಸರ ಗೊತ್ತಿರಲಿಲ್ರಿ. ನಾ ಎಲ್ಲಾರ ಹಂಗ ಇಲ್ಲಂತ ಗೊತ್ತಿತ್ರಿ.”

“ಹೌದಿಲ್ಲೋ? ಮತ್ತ ಹೇಳಲಿಲ್ಲ ಯಾಕ?”

“ಯಾರೂ ಕೇಳಲಿಲ್ರಿ.”

“ಕೇಳಿದ್ರ್ಯಾ? ತಾನ ಒಪ್ಪಿದ್ಲು.” ಅವನು ಸುತ್ತ ನೋಡಿದ. “ನೀ ಹೇಳೋ ಸಂಭಾಜಿ.”

ಸಂಭಾಜಿ ಬೆರಳಿನ ಕಲೆಗಳನ್ನು ಉಜ್ಜಿಕೊಳ್ಳುತ್ತಿದ್ದ. “ನನಗ ಫಸವ್ಯಾಳ್ರಿ” ಎಂದ. ನನ್ನನ್ನು ಮೋಸಗೊಳಿಸಿದಳು.

ಸ್ನೇಹಲ ಅವನ ಮುಖ ನೋಡಿದಳು. ಮುಖ ನೋಡುವುದು ಅವಳಿಗೆ ಬೆಂಕಿಗೆ ಕೈ ಒಡ್ಡಿದಂತೆ; ಆದರೂ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನು ನಿಜವಾಗಿಯೂ ಹಾಗೆಯೇ ತಿಳಿದಿದ್ದ. ಅದರಿಂದಲೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು. ತನ್ನನ್ನು ಬಿಟ್ಟು ತನ್ನ ಹಾಗೇ ಇದ್ದ ಇನ್ಯಾವಳನ್ನೋ ಅವನು ಇಷ್ಟು ವರ್ಷ ಪ್ರೀತಿಸಿದ್ದ. ಆ ಹುಡುಗಿ ಸತ್ತುಹೋಗಿದ್ದಳು, ಕೊಂದವಳು ಇವಳು.

ಸೋಡಚೀಟಿಯ ಮಾತಾಯಿತು. ಇಬ್ಬರೂ ಒಪ್ಪಿ ಕೋರ್ಟಿನಲ್ಲಿ ಬಿಡುಗಡೆ ಪಡೆಯುವುದು ಎಂದರು. ಕೊನೆಗೆ ಸೋದರಮಾವ ಗಂಟಲು ಸರಿಮಾಡಿಕೊಂಡು, ಶಿಕ್ಷೆ ಹೇಳುವವನಂತೆ ಹೇಳಿದ.

“ಪೋರಗೀ ಮ್ಯಾಲ ನಮ್ಮದೇನ ಹಕ್ಕಿಲ್ಲ. ಆಕೀನ್ನ ನೀನ ಇಟ್ಕೋಬೇಕ. ನಾಳಿ ತಂದ ನಮ್ಮ ಬಾಗಲಾಗ ಬಿಡಂಗಿಲ್ಲ.”

ಮಗಳನ್ನು ಕಸಿದುಕೊಳ್ಳುತ್ತಾರೆ ಎಂಬ ಹೆದರಿಕೆಯಲ್ಲಿ ಸ್ನೇಹಲ ತಿಂಗಳಿನಿಂದ ನಿದ್ದೆ ಮಾಡಿರಲಿಲ್ಲ. ಆ ಮಾತು ಕೇಳಿ ಅವಳ ಮುಖ ಅರಳಿತು. ತುಟಿ ಬಿರಿದು ನಗು ಬಂತು. ಅದನ್ನು ಎಲ್ಲಿ ಅಡಗಿಸಿಡಬೇಕು ಎಂದು ಅವಳಿಗೆ ತಿಳಿಯಲಿಲ್ಲ.

“ನೋಡ್ರಿ, ನೋಡ್ರಿ!” ಅಕ್ಕಾತಾಯಿ ಕೂಗಿದಳು. “ಗಂಡ ಬಿಟ್ಟರ ನಗಾಕತ್ತಾಳ! ಇನ್ನೇನ ಬೇಕ ನಿಮಗ?”

ಪಡಸಾಲೆಯ ಜನ ತಲೆ ಅಲ್ಲಾಡಿಸಿದರು. ಗಣಪತ ಕೂಡ ತಂಗಿಯ ಕಡೆ ನೋಡದೆ ಚಪ್ಪಲಿ ಹುಡುಕಿದ.

ಹೊರಗೆ ತುಳಸಿಕಟ್ಟೆಯ ಹತ್ತಿರ ಹರ್ಷದಾ ನಿಂತಿದ್ದಳು. ಸೊರಗಿದ್ದಳು. ಕಾಗಲದ ಸುದ್ದಿ ಸುತ್ತಲಿನ ಊರಿಗೆಲ್ಲ ಹಬ್ಬಿ, ಬರುವ ಸಂಬಂಧಗಳೂ ನಿಂತಿದ್ದವು. ಸ್ನೇಹಲ ಚೀಲದಿಂದ ತಿಳಿಹಸಿರು ಸೀರೆ ತೆಗೆದು ಅವಳ ಕೈಗೆ ಕೊಡಲು ಹೋದಳು. ಹರ್ಷದಾ ಕೈ ಮುಂದೆ ಮಾಡಲಿಲ್ಲ.

“ವೈನಿ, ನಾ ನಿನ್ನ ಎಷ್ಟ ಸಲ ಉಳಸೇನಿ? ಒಂದ ತಾಸ ನೀ ಕೆಲಸದಾಕಿ ಆಗಿದ್ದಿ ಅಂದ್ರ ನಿಂದೇನ ಹೋಗತಿತ್ತು?”

ಸ್ನೇಹಲ ಉತ್ತರ ಹುಡುಕುತ್ತ ನಿಂತಳು. ಅವಳಿಗೆ ಮಾತು ತಡವಾಗಿ ಬರುತ್ತದೆ ಎಂಬುದು ಹರ್ಷದಾಳಿಗೆ ಗೊತ್ತಿತ್ತು. ಈ ಸಲ ಅವಳು ಕಾಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ‘ಅವತ್ತು ಸಾಯಲಿ ಕೇಳಿಸಿಕೊಳ್ಳುತ್ತಿದ್ದಳು, ನಾನು ಸುಮ್ಮನಿದ್ದರೆ ಅವಳಿಗೆ ಅದೇ ಖರೆ ಆಗುತ್ತಿತ್ತು’ ಎಂಬ ಉತ್ತರ ಸಿಕ್ಕಿದಾಗ ಬಸ್ಸು ನಿಪ್ಪಾಣಿ ದಾಟಿತ್ತು. ಫೋನು ಮಾಡಿದಳು. ಹರ್ಷದಾ ಎತ್ತಲಿಲ್ಲ, ಮುಂದೆ ಎಂದೂ ಎತ್ತಲಿಲ್ಲ.

ಸುವರ್ಣಾ ಮನೆಯಲ್ಲಿ ಇರಗೊಡಲಿಲ್ಲ. ಕಬನೂರಿನಲ್ಲೇ ಒಂದು ಮಗ್ಗದ ಶೆಡ್ಡಿನ ಬೆನ್ನಿಗೆ ಖೋಲಿಯೊಂದು ಖಾಲಿ ಬಿದ್ದಿತ್ತು. ಹಗಲೂ ರಾತ್ರಿ ಗೋಡೆ ನಡುಗುವ ಸದ್ದಿಗೆ ಯಾರೂ ಅಲ್ಲಿ ನಿಲ್ಲುತ್ತಿರಲಿಲ್ಲ. ಸ್ನೇಹಲ ಅದನ್ನು ಹಿಡಿದಳು. ಒಂದೇ ಸಮ, ಒಂದೇ ಲಯ, ಎಂದೂ ಒಮ್ಮೆಲೇ ಬದಲಾಗದ ಆ ಸದ್ದು ತಾಯಿ-ಮಗಳಿಬ್ಬರಿಗೂ ಜೋಗುಳದಂತಾಯಿತು. ಮತ್ತೆ ಬಟ್ಟೆಯ ಕೆಲಸಕ್ಕೆ ಹೋದಳು. ಬುಧವಾರಕ್ಕೊಮ್ಮೆ ಮಗಳನ್ನು ಕೊಲ್ಹಾಪುರದ ಕಲಿಕೆಯ ಕೇಂದ್ರಕ್ಕೆ ಒಯ್ಯುತ್ತಿದ್ದಳು. ಸಂಭಾಜಿ ಮತ್ತೊಂದು ಮದುವೆಯಾದ ಎಂದು ಗಣಪತ ಸುದ್ದಿ ತಂದ. ಮೊದಲನೆಯವಳು ಹುಚ್ಚಿ, ಮಕ್ಕಳಿರಲಿಲ್ಲ ಎಂದು ಹೇಳಿದ್ದಾನಂತೆ.

ಏಪ್ರಿಲಿನಲ್ಲಿ ಆ ಕೇಂದ್ರದವರು ಸ್ವಮಗ್ನತೆಯ ದಿನವೆಂದು ದೊಡ್ಡ ಸಭೆ ಮಾಡಿದರು. ಸಮಾಜ ಇಂಥವರನ್ನು ಒಪ್ಪಿಕೊಳ್ಳಬೇಕು ಎಂದು ಹೊರಗೆ ಬ್ಯಾನರು. ತಾಯಿಯೂ ಹಾಗೆ, ಮಗಳೂ ಹಾಗೆ ಇರುವ ಜೋಡಿ ಅವರಿಗೆ ಇನ್ನೊಂದಿರಲಿಲ್ಲ. ವೇದಿಕೆಯ ಮೇಲೆ ಎರಡು ಮಾತಾಡು ಎಂದು ಸ್ನೇಹಲಳನ್ನು ಒಪ್ಪಿಸಿದರು. ಗಂಡನ ವಿಷಯ ತೆಗೆಯಬೇಡ, ಬಂದವರ ಮನಸ್ಸು ಭಾರವಾಗುತ್ತದೆ ಎಂದರು. ಅವಳು ಒಪ್ಪಿದಳು. ಅವಳು ಕೇಳಿಕೊಂಡದ್ದೂ ಒಂದೇ: ಚಪ್ಪಾಳೆ ಬೇಡ, ಮಗಳಿಗೆ ತಡೆಯುವುದಿಲ್ಲ, ತನಗೂ ತಡೆಯುವುದಿಲ್ಲ. ಆಗಲಿ ಆಗಲಿ ಎಂದರು.

ಕುತ್ತಿಗೆಗೆ ಚುಚ್ಚುವ ಶಾಲು ಹೊದಿಸಿದರು. ಮುಖ್ಯ ಅತಿಥಿ ಎಂಬ ಹೆಂಗಸು ಸಾಯಲಿಯ ಕೆನ್ನೆ ಹಿಂಡಿದಳು. ಕ್ಯಾಮೆರಾದ ಬೆಳಕು ಮತ್ತೆ ಮತ್ತೆ ಮುಖಕ್ಕೆ ಹೊಡೆಯಿತು. ಸ್ನೇಹಲ ಮೈಕಿನ ಮುಂದೆ ನಿಂತು, ಬಾಯಿಪಾಠ ಮಾಡಿಕೊಂಡ ಮಾತು ಬಿಟ್ಟು, ಮೊದಲಿಗೆ ಅದನ್ನೇ ಹೇಳಿದಳು. ದಯವಿಟ್ಟು ಯಾರೂ ಚಪ್ಪಾಳೆ ಹೊಡೆಯಬೇಡಿ. ನನ್ನ ಮಗಳಿಗೆ ಅದರಿಂದ ನೋವಾಗುತ್ತದೆ.

ಎಂಥ ಮುಗ್ಧೆ, ಎಷ್ಟು ನೇರವಾದ ಮಾತು ಎಂದು ಎಲ್ಲರ ಕಣ್ಣೂ ಒದ್ದೆಯಾಯಿತು. ಮುಂದಿನ ಸಾಲಿನವರು ಚಪ್ಪಾಳೆ ಹೊಡೆದರು. ಹಿಂದಿನವರು ಕೂಡಿಕೊಂಡರು. ಆಮೇಲೆ ಎಲ್ಲರೂ ಎದ್ದು ನಿಂತು ಹೊಡೆದರು.

ಸಾಯಲಿ ಮೇಜಿನ ಕೆಳಗೆ ಸೇರಿ ಹಣೆಯನ್ನು ಹಲಗೆಗೆ ಬಡಿದುಕೊಳ್ಳುತ್ತಿದ್ದಳು. ಸ್ನೇಹಲ ಶಾಲು ಬಿಚ್ಚಿ ಮಗಳ ತಲೆಗೆ ಸುತ್ತಿ, ಎತ್ತಿಕೊಂಡು, ಜನರ ನಡುವಿನ ದಾರಿಯಲ್ಲಿ ನಡೆದು ಹೊರಗೆ ಬಂದಳು. ಬಾಗಿಲು ದಾಟುವವರೆಗೂ ಚಪ್ಪಾಳೆ ಅವರ ಬೆನ್ನಿಗೇ ಬಂತು.

ಡಾಕ್ಟರ್ ಹಿಂದೆ ಓಡಿಬಂದರು. ಅವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ತಪ್ಪು ತಿಳಿಯಬೇಡ ಎಂದರು.

“ನಾನು ಹೇಳಿದ್ದು ಅವರಿಗೆ ಕೇಳಿಸಿತ್ತಲ್ಲವೇ?” ಎಂದು ಸ್ನೇಹಲ ಕೇಳಿದಳು. ಅವಳಿಗೆ ನಿಜಕ್ಕೂ ತಿಳಿದುಕೊಳ್ಳಬೇಕಿತ್ತು.

ಡಾಕ್ಟರ್ ಕೆಳಗೆ ನೋಡಿದರು. “ಕೇಳಿಸಿತ್ತು” ಎಂದರು.

ಸ್ನೇಹಲ ತಲೆಯಾಡಿಸಿ, ಮಗಳ ಹಣೆಯ ಊತಕ್ಕೆ ಐಸು ಕೇಳಲು ಎದುರಿನ ಕಬ್ಬಿನ ಹಾಲಿನ ಗಾಡಿಯ ಕಡೆ ರಸ್ತೆ ದಾಟಿದಳು. ಮುಂದಿನ ಬುಧವಾರ ಮತ್ತೆ ಕೇಂದ್ರಕ್ಕೆ ಬಂದಳು, ಮಗಳ ಕಲಿಕೆ ತಪ್ಪಬಾರದಲ್ಲ. ಒಳಬಾಗಿಲ ಪಕ್ಕ ಗೋಡೆಯ ಮೇಲೆ ಆ ದಿನದ ಫೋಟೋ ಹಾಕಿದ್ದರು. ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿರುವ ಜನರೆಲ್ಲ ಅದರಲ್ಲಿದ್ದರು.